ಒಂದೇ ನೀರು, ಎರಡು ಮೀಟರ್, ಎರಡು ಅಂಕಿ: ಯಾವುದನ್ನು ನಂಬೋದು?

ಪ್ರಶ್ನೆ: ನನ್ನ ಹತ್ತಿರ ಪೆನ್ನಿನಂಥ ಒಂದು ಪಿಎಚ್ ಮೀಟರ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಅಳೆಯುವುದು), ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಇವೆ. ಬಾವಿ ನೀರನ್ನು ಕುಡಿಯುವುದಕ್ಕೂ ಬಳಸುತ್ತೇವೆ, ಮೀನಿನ ಕೊಳಕ್ಕೂ ಬಿಡುತ್ತೇವೆ. ಎರಡು ತಿಂಗಳಿಂದ ವಾರಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಪಿಎಚ್ ಯಾವಾಗಲೂ 8.2ರ ಆಸುಪಾಸು. ಮೊನ್ನೆ ಸ್ನೇಹಿತರ ಮೀಟರ್‌ನಲ್ಲಿ ಅದೇ ನೀರು 7.3 ತೋರಿಸಿತು. ಟಿಡಿಎಸ್ ನನ್ನದರಲ್ಲಿ 350, ಅವರದರಲ್ಲಿ 490. ನನ್ನ ಪಿಎಚ್ ಮೀಟರನ್ನು ತಂದ ದಿನವೇ ಆರ್‌ಒ ನೀರಿನಲ್ಲಿ ಅದ್ದಿದ್ದೆ. 6.1 ತೋರಿಸಿತು. ಸ್ಕ್ರೂ ತಿರುಗಿಸಿ 7ಕ್ಕೆ ತಂದೆ. ಶುದ್ಧ ನೀರಿನ ಪಿಎಚ್ 7 ಅಲ್ವಾ? ಈಗ ಯಾವ ಮೀಟರ್ ಸರಿ? ಕ್ಯಾಲಿಬ್ರೇಷನ್ ಹೇಗೆ ಮಾಡಬೇಕು, ಎಷ್ಟು ದಿನಕ್ಕೊಮ್ಮೆ? ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಕ್ಲೋರಿನ್ ಅಳೆಯುವ ಮೀಟರ್‌ಗಳನ್ನೂ ತೆಗೆದುಕೊಳ್ಳುವ ಯೋಚನೆ ಇದೆ.

ಉತ್ತರ: ಮೊದಲು ಒಂದು ಮಾತು. ನಿಮ್ಮ ಪಿಎಚ್ ಮೀಟರ್‌ನ ಸ್ಕ್ರೂವನ್ನು ಸದ್ಯಕ್ಕೆ ಮುಟ್ಟಬೇಡಿ. ಏನೋ ತಪ್ಪಾಗಿದೆ ಎಂದು ಗೊತ್ತಾದ ಕೂಡಲೇ ಅದನ್ನು ಸರಿಮಾಡಲು ಕೈ ಓಡುತ್ತದೆ. ಆದರೆ ಮೀಟರ್ ಈಗ ಎಷ್ಟು ತಪ್ಪು ತೋರಿಸುತ್ತಿದೆ ಎನ್ನುವುದೇ ನಿಮ್ಮ ಎರಡು ತಿಂಗಳ ಪುಸ್ತಕವನ್ನು ಉಳಿಸುವ ಅಂಕಿ. ಅದನ್ನು ಬರೆದುಕೊಳ್ಳದೆ ಸ್ಕ್ರೂ ತಿರುಗಿಸಿದರೆ ಆ ಅಂಕಿ ಮತ್ತೆ ಸಿಗುವುದಿಲ್ಲ.

ನಿಮ್ಮ ಲೆಕ್ಕವನ್ನೇ ನೋಡಿ. 6.1 ಇದ್ದುದನ್ನು 7.0ಗೆ ತಂದಿರಿ, ಅಂದರೆ 0.9 ಮೇಲಕ್ಕೆ ಎತ್ತಿದಿರಿ. ನಿಮ್ಮ 8.2ರಿಂದ 0.9 ಕಳೆಯಿರಿ. 7.3. ನಿಮ್ಮ ಸ್ನೇಹಿತರ ಮೀಟರ್ ತೋರಿಸಿದ್ದೂ ಅಷ್ಟೇ! ಹಾಗಾಗಿ ನಿಮ್ಮ ಮೀಟರ್ ಕೆಟ್ಟಿಲ್ಲ. ಅಂಗಡಿಯಿಂದ ಬಂದಾಗ ಬಹುಶಃ ಸರಿಯಾಗಿಯೇ ಇತ್ತು. ಆರ್‌ಒ ನೀರನ್ನು ಅಳತೆಗೋಲು ಮಾಡಿಕೊಂಡಿದ್ದೇ ತೊಂದರೆ.

ಶುದ್ಧ ನೀರಿನ ಪಿಎಚ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ಎನ್ನುವುದು ಪುಸ್ತಕದಲ್ಲಿ ನಿಜ. ಆದರೆ ಆ ಶುದ್ಧ ನೀರಿಗೆ ಗಾಳಿ ಸೋಕಿರಬಾರದು. ಲೋಟಕ್ಕೆ ಸುರಿದ ಕ್ಷಣದಿಂದ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದು ನೀರಿನಲ್ಲಿ ತೆಳು ಆಮ್ಲವಾಗುತ್ತದೆ. ಬಾವಿ ನೀರಿನಲ್ಲಿ ಬೈಕಾರ್ಬನೇಟ್ ಎಂಬ ಲವಣ ಇರುವುದರಿಂದ ಅದು ಈ ಹೊಡೆತವನ್ನು ತಾಳಿಕೊಳ್ಳುತ್ತದೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರಿನಲ್ಲಿ ತಾಳಿಕೊಳ್ಳಲು ಏನೂ ಇಲ್ಲ. ಗಾಳಿಗೆ ತೆರೆದಿಟ್ಟ ಡಿಸ್ಟಿಲ್ಡ್ ನೀರು ಸುಮಾರು 5.6ರವರೆಗೂ ಇಳಿಯುತ್ತದೆ. ಆರ್‌ಒದಲ್ಲಿ ಇನ್ನೊಂದು ವಿಷಯವಿದೆ. ಅದರ ಪೊರೆ ಬೈಕಾರ್ಬನೇಟನ್ನು ತಡೆಯುತ್ತದೆ, ಆದರೆ ಕರಗಿದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ಹಾಗಾಗಿ ನಲ್ಲಿಯಿಂದ ಇಳಿಯುವಾಗಲೇ ಆರ್‌ಒ ನೀರು ಸ್ವಲ್ಪ ಆಮ್ಲೀಯ. ನಿಮಗೆ ಬಂದ 6.1 ಸಹಜವಾದ ಅಂಕಿಯೇ. ಜೊತೆಗೆ ಇಷ್ಟು ಕಡಿಮೆ ಲವಣದ ನೀರಿನಲ್ಲಿ ಪಿಎಚ್ ಎಲೆಕ್ಟ್ರೋಡ್ (ಮೀಟರ್‌ನ ನೀರಿಗೆ ಅದ್ದುವ ತುದಿ) ನಿಧಾನಕ್ಕೆ ಅಲೆದಾಡುತ್ತದೆ. ಒಂದು ಅಂಕಿಗೆ ನಿಲ್ಲುವುದೇ ಇಲ್ಲ.

0.9 ಅಂದರೆ ಏನು ಮಹಾ ಎಂದು ಅನ್ನಿಸಬಹುದು. ಪಿಎಚ್ ಏರುವ ರೀತಿ ಬೇರೆ. ಒಂದು ಅಂಕ ಏರಿದರೆ ಹತ್ತು ಪಟ್ಟು ವ್ಯತ್ಯಾಸ, 0.9 ಅಂದರೆ ಸುಮಾರು ಎಂಟು ಪಟ್ಟು. ನಿಮ್ಮ ಕೊಳದ ಮೀನುಗಳ ಕಡೆಯಿಂದ ನೋಡಿ. ನೀರಿನಲ್ಲಿರುವ ಒಟ್ಟು ಅಮೋನಿಯದಲ್ಲಿ ಮೀನಿಗೆ ನಿಜವಾಗಿ ವಿಷವಾಗುವ ಭಾಗ 25 ಡಿಗ್ರಿಯಲ್ಲಿ, ಪಿಎಚ್ 7.3 ಇದ್ದಾಗ ಸುಮಾರು ಶೇಕಡ 1. ಪಿಎಚ್ 8.2 ಇದ್ದಾಗ ಸುಮಾರು ಶೇಕಡ 8. ಈಗ ನಿಮ್ಮ ಮೀಟರ್ ಜಾಸ್ತಿ ತೋರಿಸುತ್ತಿರುವುದರಿಂದ ನೀವು ಸುಮ್ನೆ ಹೆದರುತ್ತೀರಿ, ಅಷ್ಟೇ. ತಪ್ಪು ಇನ್ನೊಂದು ಕಡೆಗೆ ಆಗಿದ್ದರೆ ಅಪಾಯ ಇದ್ದಾಗಲೂ ನಿಶ್ಚಿಂತೆಯಿಂದ ಇರುತ್ತಿದ್ದಿರಿ. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಿಎಚ್ ಮೀಟರ್ ನಿಜಕ್ಕೂ ಅಳೆಯುವುದು ಪಿಎಚ್ ಅಲ್ಲ, ವೋಲ್ಟೇಜ್. ತುದಿಯಲ್ಲಿರುವ ತೆಳು ಗಾಜಿನ ಗುಂಡಿನ ಒಳಗಿನ ಮತ್ತು ಹೊರಗಿನ ದ್ರವಗಳ ನಡುವೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪಿಎಚ್ 7ರಲ್ಲಿ ಅದು ಸೊನ್ನೆ ಮಿಲಿವೋಲ್ಟ್ ಆಗಿರಬೇಕು. ಅಲ್ಲಿಂದ ಒಂದೊಂದು ಪಿಎಚ್‌ಗೂ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್ ಬದಲಾಗಬೇಕು. ಇದು ಆದರ್ಶ. ನಿಜವಾದ ಎಲೆಕ್ಟ್ರೋಡ್‌ನಲ್ಲಿ ಆ ಸೊನ್ನೆ ಸ್ವಲ್ಪ ಜರುಗಿರುತ್ತದೆ, ಇಳಿಜಾರೂ ಸ್ವಲ್ಪ ಕುಗ್ಗಿರುತ್ತದೆ. ಆ ಇಳಿಜಾರನ್ನೇ ಸ್ಲೋಪ್ ಅನ್ನುತ್ತಾರೆ. ಕ್ಯಾಲಿಬ್ರೇಷನ್ ಅಂದರೆ ಈ ಎರಡನ್ನು ಮೀಟರ್‌ಗೆ ತಿಳಿಸಿಕೊಡುವುದು. ಆದ್ದರಿಂದಲೇ ಕನಿಷ್ಠ ಎರಡು ಬಫರ್ ಬೇಕು. ಬಫರ್ ಅಂದರೆ ಪಿಎಚ್ ಎಷ್ಟು ಎಂದು ಮೊದಲೇ ಗೊತ್ತಿರುವ, ಸುಲಭಕ್ಕೆ ಬದಲಾಗದ ದ್ರಾವಣ. ಒಂದೇ ಬಫರ್‌ನಿಂದ ಸೊನ್ನೆ ಸರಿಯಾಗುತ್ತದೆ, ಸ್ಲೋಪ್ ಹಾಗೇ ಉಳಿಯುತ್ತದೆ.

ಬಫರ್ ಕೊಳ್ಳುವಾಗ ಗಮನಿಸಿ. ಎರಡು ಗುಂಪುಗಳು ಚಾಲ್ತಿಯಲ್ಲಿವೆ. ಒಂದು 4.01, 7.00, 10.01. ಇನ್ನೊಂದು 4.00, 6.86, 9.18. ಎರಡೂ ಒಳ್ಳೆಯವೇ. ಆದರೆ ಬಟನ್ ಒತ್ತಿದರೆ ತಾನೇ ಬಫರನ್ನು ಗುರುತಿಸುವ ಮೀಟರ್ ಆದರೆ, ಅದಕ್ಕೆ ಯಾವ ಗುಂಪು ಗೊತ್ತು ಎಂದು ಕೈಪಿಡಿಯಲ್ಲಿ ನೋಡಿ. 7.00 ಎಂದುಕೊಂಡಿರುವ ಮೀಟರ್‌ಗೆ 6.86 ಕೊಟ್ಟರೆ 0.14 ತಪ್ಪು ಅಲ್ಲೇ ಹುಟ್ಟಿತು. ಪುಡಿಯ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ಡಿಸ್ಟಿಲ್ಡ್ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಸಾಮಾನ್ಯವಾಗಿ 250 ಮಿಲಿಲೀಟರ್ ಇರುತ್ತದೆ. ಪೊಟ್ಟಣದ ಮೂಲೆಯಲ್ಲಿ ಪುಡಿ ಉಳಿಯದ ಹಾಗೆ ಅದನ್ನೂ ತೊಳೆದು ಸುರಿಯಿರಿ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಬಾವಿ ನೀರು 7 ಮತ್ತು 8.5ರ ನಡುವೆ ಇರುವಂಥದ್ದು. ಹಾಗಾಗಿ 7 ಮತ್ತು 10 ಬಳಸಿ. ಅಳೆಯುವ ನೀರು ಎರಡು ಬಫರ್‌ಗಳ ನಡುವೆ ಬೀಳಬೇಕು. ಬಫರ್‌ಗಳನ್ನು, ಬಾವಿ ನೀರನ್ನು, ಮೀಟರನ್ನು ಒಂದೇ ಕೋಣೆಯಲ್ಲಿ ಒಂದು ಗಂಟೆ ಇಟ್ಟು ಎಲ್ಲವೂ ಒಂದೇ ಬಿಸಿಗೆ ಬರಲಿ. ಚಿಕ್ಕ ಲೋಟಗಳಿಗೆ ಬೇಕಾದಷ್ಟು ಮಾತ್ರ ಬಫರ್ ಸುರಿದುಕೊಳ್ಳಿ. ಬಾಟಲಿಯೊಳಗೆ ಎಲೆಕ್ಟ್ರೋಡ್ ಅದ್ದಬೇಡಿ. ಬಳಸಿದ್ದನ್ನು ವಾಪಸ್ ಬಾಟಲಿಗೆ ಸುರಿಯಲೂ ಬೇಡಿ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಒಮ್ಮೆ ಮೆಲ್ಲಗೆ ಕೊಡವಿ, ಟಿಶ್ಯೂ ಪೇಪರ್ ತುದಿಯನ್ನು ಹನಿಗೆ ತಾಗಿಸಿ. ಹನಿ ತಾನಾಗಿ ಕಾಗದಕ್ಕೆ ಏರುತ್ತದೆ. ಗಾಜನ್ನು ಉಜ್ಜಬೇಡಿ. ಉಜ್ಜಿದರೆ ಅದರ ಮೇಲೆ ಸ್ಥಿರ ವಿದ್ಯುತ್ ಕೂರುತ್ತದೆ, ಆಮೇಲೆ ಅಂಕಿ ನಿಲ್ಲಲು ತುಂಬಾ ಹೊತ್ತು ಹಿಡಿಯುತ್ತದೆ.

7ರ ಬಫರ್‌ನಲ್ಲಿ ಅದ್ದಿ. ಎರಡು ಸಲ ನಿಧಾನಕ್ಕೆ ತಿರುವಿ ಬಿಡಿ. ಕೊನೆಯ ಅಂಕೆಯ ಮೇಲೆ ಕಣ್ಣಿಡಿ. ಮೊದಲು ಬೇಗ ಓಡುತ್ತದೆ, ಆಮೇಲೆ ನಡೆಯುತ್ತದೆ, ಆಮೇಲೆ ಎರಡು ಅಂಕಿಗಳ ನಡುವೆ ತೂಗಾಡಿ ನಿಲ್ಲುತ್ತದೆ. ಒಳ್ಳೆಯ ಎಲೆಕ್ಟ್ರೋಡ್‌ಗೆ ಇದಕ್ಕೆ ಅರ್ಧದಿಂದ ಒಂದು ನಿಮಿಷ ಸಾಕು. ಮೂರು ನಿಮಿಷವಾದರೂ ನಡೆಯುತ್ತಲೇ ಇದ್ದರೆ ಎಲೆಕ್ಟ್ರೋಡ್ ಕೊಳೆಯಾಗಿದೆ ಅಥವಾ ಒಣಗಿದೆ. ನಿಂತ ಅಂಕಿಯನ್ನು, ಇನ್ನೂ ಏನೂ ತಿದ್ದದೆ, ಪುಸ್ತಕದಲ್ಲಿ ಬರೆಯಿರಿ. ಪಕ್ಕದಲ್ಲಿ ತಾಪಮಾನ ಬರೆಯಿರಿ. ತೊಳೆದು 10ರಲ್ಲೂ ಹೀಗೇ ಓದಿ ಬರೆಯಿರಿ. ಇದಾದ ಮೇಲಷ್ಟೇ ಸ್ಕ್ರೂ ಅಥವಾ ಬಟನ್. ಮತ್ತೆ 7ಕ್ಕೆ ಬಂದು ಸರಿಮಾಡಿ, ಆಮೇಲೆ 10. ಎರಡು ಸ್ಕ್ರೂ ಇರುವ ಮೀಟರ್ ಆದರೆ ಒಂದನ್ನು ತಿರುಗಿಸಿದಾಗ ಇನ್ನೊಂದರ ಅಂಕಿ ಸ್ವಲ್ಪ ಕದಲುತ್ತದೆ, ಹಾಗಾಗಿ ಇನ್ನೊಂದು ಸುತ್ತು ಬನ್ನಿ. ಒಂದೇ ಸ್ಕ್ರೂ ಇದ್ದರೆ 7ರಲ್ಲಿ ಸರಿಮಾಡಿ, 10ರಲ್ಲಿ ಏನು ಬರುತ್ತದೆ ಎಂದು ಸುಮ್ಮನೆ ನೋಡಿ ಬರೆದುಕೊಳ್ಳಿ.

ಕೊನೆಗೆ, ತಿದ್ದಲು ಬಳಸದೇ ಇದ್ದ ಮೂರನೆಯ ಬಫರ್‌ನಲ್ಲಿ, ಅಂದರೆ 4ರಲ್ಲಿ, ಅದ್ದಿ ನೋಡಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ನಾವೇ ಹೇಳಿಕೊಟ್ಟ ಉತ್ತರವನ್ನು ಮೀಟರ್ ಒಪ್ಪಿಸಿದರೆ ಅದು ಪರೀಕ್ಷೆ ಆಗುವುದಿಲ್ಲ. ಹೇಳಿಕೊಡದ ಬಫರ್‌ನಲ್ಲೂ ಸರಿಯಾದ ಅಂಕಿ ಕೊಟ್ಟರೆ ಆಗ ನಂಬಬಹುದು. ಪೆನ್ ಮೀಟರ್‌ಗೆ 0.1ರೊಳಗೆ ಬಂದರೆ ನಾನು ತೃಪ್ತಿ.

ಈ ಮೂರನೆಯ ಬಫರ್ ಎಲೆಕ್ಟ್ರೋಡ್‌ನ ವಯಸ್ಸನ್ನೂ ಹೇಳುತ್ತದೆ. ನಿಮ್ಮ ಮೀಟರ್ ಮಿಲಿವೋಲ್ಟ್ ತೋರಿಸುವಂಥದ್ದಾದರೆ 7ರಲ್ಲಿ ಮತ್ತು 4ರಲ್ಲಿ ಎಷ್ಟು ಬಂತು ನೋಡಿ. 25 ಡಿಗ್ರಿಯಲ್ಲಿ ಎರಡರ ಅಂತರ 177 ಮಿಲಿವೋಲ್ಟ್ ಇರಬೇಕು. 168ರವರೆಗೆ ಇಳಿದಿದ್ದರೆ ಸ್ಲೋಪ್ ಶೇಕಡ 95, ಇನ್ನೂ ಚೆನ್ನಾಗಿದೆ. 150ಕ್ಕೆ ಬಂದಿದ್ದರೆ ಶೇಕಡ 85, ತೊಳೆದು ನೋಡಿ, ಏರದಿದ್ದರೆ ಬದಲಾಯಿಸಿ. ಮಿಲಿವೋಲ್ಟ್ ಇಲ್ಲದ ಒಂದೇ ಸ್ಕ್ರೂ ಪೆನ್‌ನಲ್ಲೂ ಇದನ್ನು ತಿಳಿಯಬಹುದು. 7ಕ್ಕೆ ಸರಿಮಾಡಿದ ಮೇಲೆ 4ರ ಬಫರ್ 4.15ರ ಹತ್ತಿರ ತೋರಿಸಿದರೆ ಸ್ಲೋಪ್ ಶೇಕಡ 95. 4.3 ತೋರಿಸಿದರೆ ಶೇಕಡ 90. ಪಿಎಚ್ ಎಲೆಕ್ಟ್ರೋಡ್ ಬಳಸಿದರೂ ಬಳಸದಿದ್ದರೂ ಹಳತಾಗುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷ ಅದರ ಬಾಳಿಕೆ.

ತಾಪಮಾನದ ವಿಷಯದಲ್ಲಿ ದೊಡ್ಡ ಗೊಂದಲವಿದೆ. ಮೀಟರ್ ಮೇಲೆ ಎಟಿಸಿ (ತಾಪಮಾನಕ್ಕೆ ತಕ್ಕಂತೆ ತಾನೇ ಸರಿಪಡಿಸುವ ಸೌಲಭ್ಯ) ಎಂದು ಬರೆದಿದ್ದರೆ ತಾಪಮಾನದ ಚಿಂತೆಯೇ ಬೇಡ ಎಂದು ಜನ ತಿಳಿಯುತ್ತಾರೆ. ಅದು ಸರಿಪಡಿಸುವುದು ಎಲೆಕ್ಟ್ರೋಡ್‌ನ ಸ್ಲೋಪನ್ನು ಮಾತ್ರ. ತಣ್ಣಗಾದಾಗ ಆ 59.16 ಕಡಿಮೆಯಾಗುತ್ತದೆ, 20 ಡಿಗ್ರಿಯಲ್ಲಿ 58.17. ಬಿಸಿಯಾದಾಗ ಜಾಸ್ತಿ, 30 ಡಿಗ್ರಿಯಲ್ಲಿ 60.15. ಆದರೆ ದ್ರವದ ಪಿಎಚ್ ಕೂಡ ಬಿಸಿಗೆ ತಕ್ಕಂತೆ ತಾನೇ ಬದಲಾಗುತ್ತದೆ. ಅದಕ್ಕೆ ಎಟಿಸಿ ಏನೂ ಮಾಡುವುದಿಲ್ಲ, ಮಾಡಲೂಬಾರದು. 10.01ರ ಬಫರ್ 20 ಡಿಗ್ರಿಯಲ್ಲಿ 10.06 ಇರುತ್ತದೆ, 10 ಡಿಗ್ರಿಯಲ್ಲಿ 10.18. ಬಾಟಲಿಯ ಮೇಲೆ ಇದರ ಪಟ್ಟಿ ಅಂಟಿಸಿರುತ್ತಾರೆ. ನಿಮ್ಮ ಕೋಣೆಯ ತಾಪಮಾನದ ಎದುರಿಗಿರುವ ಅಂಕಿಗೆ ಸ್ಕ್ರೂ ತಿರುಗಿಸಬೇಕು, ಬಾಟಲಿಯ ಮೇಲೆ ದೊಡ್ಡದಾಗಿ ಬರೆದ ಅಂಕಿಗೆ ಅಲ್ಲ. ಅಂದ ಹಾಗೆ ಮೂರರಲ್ಲಿ ಬೇಗ ಕೆಡುವುದು ಈ 10ರ ಬಫರ್. ಮುಚ್ಚಳ ತೆಗೆದಾಗಲೆಲ್ಲ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಕುಡಿದು ಮೆಲ್ಲಗೆ ಇಳಿಯುತ್ತದೆ.

ಎಲೆಕ್ಟ್ರೋಡನ್ನು ಒದ್ದೆಯಾಗಿಡಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಯಾವುದರಲ್ಲಿ ಎನ್ನುವಲ್ಲಿ ಎಡವುತ್ತಾರೆ. ಡಿಸ್ಟಿಲ್ಡ್ ನೀರಿನಲ್ಲಿ, ಆರ್‌ಒ ನೀರಿನಲ್ಲಿ ಇಡಲೇಬೇಡಿ. ಎಲೆಕ್ಟ್ರೋಡ್ ಒಳಗಿರುವ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣ ಹೊರಗೆ ಸೋರಿಹೋಗುತ್ತದೆ. ಮುಚ್ಚಳದೊಳಗಿನ ಸ್ಪಂಜಿಗೆ ಸ್ಟೋರೇಜ್ ದ್ರಾವಣ ಹಾಕಿ. ಅದೂ ಪೊಟ್ಯಾಶಿಯಂ ಕ್ಲೋರೈಡೇ. ಸಿಗದಿದ್ದರೆ ತಾತ್ಕಾಲಿಕವಾಗಿ 4ರ ಬಫರ್ ಆಗುತ್ತದೆ. ಮುಚ್ಚಳದ ಅಂಚಿನಲ್ಲಿ ಬಿಳಿ ಹರಳು ಕಟ್ಟಿಕೊಂಡರೆ ಗಾಬರಿ ಬೇಡ, ಅದು ಒಣಗಿದ ಉಪ್ಪು, ತೊಳೆದರೆ ಹೋಗುತ್ತದೆ. ಮರೆತು ಪೂರ್ತಿ ಒಣಗಿಸಿಬಿಟ್ಟಿದ್ದರೆ ಒಂದು ರಾತ್ರಿ ಸ್ಟೋರೇಜ್ ದ್ರಾವಣದಲ್ಲಿ ನೆನೆಸಿಡಿ, ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಗಡಸು ನೀರಿನ ಸುಣ್ಣದ ಪದರ ಕೂತಿದ್ದರೆ ಬಿಳಿ ವಿನೆಗರ್‌ನಲ್ಲಿ ಹತ್ತು ನಿಮಿಷ. ಜಿಡ್ಡಾಗಿದ್ದರೆ ಪಾತ್ರೆ ತೊಳೆಯುವ ಸೋಪಿನ ತೆಳು ನೀರು. ಯಾವುದೇ ಆದರೂ ಆಮೇಲೆ ಚೆನ್ನಾಗಿ ತೊಳೆದು, ಕೆಲವು ಗಂಟೆ ಸ್ಟೋರೇಜ್ ದ್ರಾವಣದಲ್ಲಿಟ್ಟು, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ.

ಗಾಜಿನ ಎಲೆಕ್ಟ್ರೋಡ್ 1909ರಷ್ಟು ಹಳೆಯದು. ಆದರೂ ಅದು ಎಲ್ಲರ ಕೈಗೆ ಬರಲು ಕಾಲ ಹಿಡಿಯಿತು, ಯಾಕೆಂದರೆ ಗಾಜಿನ ಮೂಲಕ ವಿದ್ಯುತ್ ಹರಿಯುವುದೇ ಕಷ್ಟ. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ನಿಂಬೆ ರಸದ ಹುಳಿ ಅಳೆಯಬೇಕಿದ್ದ ಗೆಳೆಯನೊಬ್ಬನಿಗಾಗಿ ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಮೀಟರ್ ಮಾಡಿಕೊಟ್ಟರು. ಇದನ್ನು ಹೇಳಲು ಕಾರಣವಿದೆ. ಆ ಸಂಕೇತ ಇಂದಿಗೂ ಅಷ್ಟೇ ದುರ್ಬಲ. ವೈರ್ ಇರುವ ಮೀಟರ್‌ನಲ್ಲಿ ಕನೆಕ್ಟರ್‌ಗೆ ಸ್ವಲ್ಪ ತೇವ ತಗುಲಿದರೂ ಸಂಕೇತ ಅಲ್ಲೇ ಸೋರಿ, ಯಾವ ಬಫರ್‌ನಲ್ಲಿಟ್ಟರೂ ಅಂಕಿ 7ರ ಹತ್ತಿರವೇ ಅಂಟಿಕೊಳ್ಳುತ್ತದೆ. ಹೀಗಾದರೆ ಎಲೆಕ್ಟ್ರೋಡ್ ಎಸೆಯುವ ಮೊದಲು ಕನೆಕ್ಟರ್ ಒಣಗಿಸಿ ನೋಡಿ.

ಟಿಡಿಎಸ್‌ನಲ್ಲಿ ನಿಮ್ಮದೂ ಸರಿ, ನಿಮ್ಮ ಸ್ನೇಹಿತರದೂ ಸರಿ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ. ಅದನ್ನು ನಿಜವಾಗಿ ತೂಗಬೇಕಾದರೆ ನೀರನ್ನು ಸೋಸಿ, ಆವಿ ಮಾಡಿ, ಉಳಿದ ಪುಡಿಯನ್ನು ತೂಗಬೇಕು. ಕೈಯಲ್ಲಿ ಹಿಡಿಯುವ ಮೀಟರ್ ಹಾಗೆ ಮಾಡುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ವಿದ್ಯುತ್ ಹರಿಯುವ ಆ ಅಳತೆಯನ್ನು ಇಸಿ ಅನ್ನುತ್ತಾರೆ, ಮೈಕ್ರೋ ಸೀಮೆನ್ಸ್‌ನಲ್ಲಿ ಹೇಳುತ್ತಾರೆ. ಕೆಲವು ಕಂಪನಿಗಳು ಅಡುಗೆ ಉಪ್ಪನ್ನು ಲೆಕ್ಕಕ್ಕೆ ಇಟ್ಟುಕೊಂಡು 0.5ರಿಂದ ಗುಣಿಸುತ್ತವೆ. ಇನ್ನು ಕೆಲವು ಬಾವಿ ನೀರಿನಂಥ ಮಿಶ್ರ ಲವಣ ಇಟ್ಟುಕೊಂಡು 0.7ರಿಂದ ಗುಣಿಸುತ್ತವೆ. ನಿಮ್ಮ ನೀರಿನ ಇಸಿ 700 ಎಂದುಕೊಳ್ಳಿ. 0.5ರಿಂದ ಗುಣಿಸಿದರೆ 350. 0.7ರಿಂದ 490. ಇಬ್ಬರ ಅಂಕಿಗಳೂ ಬಂದವು ನೋಡಿ! ಆದ್ದರಿಂದ ನನ್ನ ಸಲಹೆ: ಮೀಟರ್‌ನಲ್ಲಿ ಇಸಿ ತೋರಿಸುವ ಬಟನ್ ಇದ್ದರೆ ಪುಸ್ತಕದಲ್ಲಿ ಇಸಿಯನ್ನೇ ಬರೆಯಿರಿ. ಯಾರ ಮೀಟರ್‌ನ ಜೊತೆಗೂ ಅದನ್ನು ಹೋಲಿಸಬಹುದು. ಟಿಡಿಎಸ್ ಮಾತ್ರ ತೋರಿಸುವ ಮೀಟರ್ ಆದರೆ ಯಾವ ಸಂಖ್ಯೆಯಿಂದ ಗುಣಿಸಿದೆ ಎಂದು ಪಕ್ಕದಲ್ಲಿ ಬರೆದಿಡಿ.

ಆ ಸಂಖ್ಯೆ ಕೈಪಿಡಿಯಲ್ಲಿ ಸಿಗದಿದ್ದರೆ ಅಡುಗೆಮನೆಯಲ್ಲೇ ಕಂಡುಹಿಡಿಯಬಹುದು. ಒಣಗಿದ ಪುಡಿ ಉಪ್ಪು 5 ಗ್ರಾಂ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಅದರಿಂದ 100 ಮಿಲಿಲೀಟರ್ ತೆಗೆದು, ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ ಒಂದು ಲೀಟರ್ ಮಾಡಿ. ಈಗ ಲೀಟರಿಗೆ ಅರ್ಧ ಗ್ರಾಂ ಉಪ್ಪಿದೆ. ಇದರ ಇಸಿ 25 ಡಿಗ್ರಿಯಲ್ಲಿ ಸುಮಾರು 1000 ಮೈಕ್ರೋ ಸೀಮೆನ್ಸ್. ನಿಮ್ಮ ಟಿಡಿಎಸ್ ಮೀಟರ್ 500ರ ಹತ್ತಿರ ತೋರಿಸಿದರೆ ಅದು 0.5ರ ಮೀಟರ್. 700ರ ಹತ್ತಿರ ತೋರಿಸಿದರೆ 0.7ರದು. ಇದು ಮೀಟರನ್ನು ಅರಿಯಲು ಸಾಕು. ತಿದ್ದಲು ಸಾಲದು.

ತಿದ್ದಲು ಬೇಕಾದ್ದು ಬಾಟಲಿಯಲ್ಲಿ ಸಿಗುವ 1413 ಮೈಕ್ರೋ ಸೀಮೆನ್ಸ್ ದ್ರಾವಣ. ಅದು ಲೀಟರಿಗೆ 0.01 ಮೋಲ್ ಪೊಟ್ಯಾಶಿಯಂ ಕ್ಲೋರೈಡ್. ಲವಣ ತುಂಬ ಕಡಿಮೆ ಇರುವ ನೀರಿಗೆ 84ರದು ಸಿಗುತ್ತದೆ. ಇಸಿಗೆ ತಾಪಮಾನದ ಪ್ರಭಾವ ಪಿಎಚ್‌ಗಿಂತ ಬಹಳ ಜಾಸ್ತಿ. ಒಂದು ಡಿಗ್ರಿಗೆ ಸುಮಾರು ಶೇಕಡ 2. ಅದೇ 1413ರ ದ್ರಾವಣ 20 ಡಿಗ್ರಿಯಲ್ಲಿ 1278 ಆಗಿರುತ್ತದೆ. ಮೀಟರ್ ತಾಪಮಾನವನ್ನು ಸರಿಪಡಿಸಿ 25 ಡಿಗ್ರಿಗೆ ಲೆಕ್ಕ ಹಾಕಿ ತೋರಿಸುವಂಥದ್ದಾದರೆ 1413ಕ್ಕೇ ತಿದ್ದಿ. ಸರಿಪಡಿಸದ ಮೀಟರ್ ಆದರೆ ಬಾಟಲಿಯ ಪಟ್ಟಿ ನೋಡಿ. ಎರಡೂ ಸರಿಪಡಿಕೆ ಒಟ್ಟಿಗೆ ಮಾಡಿದರೆ ಶೇಕಡ 10ರಷ್ಟು ತಪ್ಪು ಸುಲಭವಾಗಿ ಬರುತ್ತದೆ.

ಇಲ್ಲಿ ಮೋಸ ಮಾಡುವುದು ಗುಳ್ಳೆ. ಪೆನ್ನಿನ ತುದಿಯಲ್ಲಿರುವ ಎರಡು ಲೋಹದ ಕಡ್ಡಿಗಳ ನಡುವೆ ಒಂದು ಸಾಸಿವೆಯಷ್ಟು ಗಾಳಿ ಗುಳ್ಳೆ ಸಿಕ್ಕಿಕೊಂಡರೂ ಅಂಕಿ ಇಳಿಯುತ್ತದೆ. ಅದ್ದಿದ ಮೇಲೆ ಲೋಟದ ಗೋಡೆಗೆ ಎರಡು ಸಲ ಮೆಲ್ಲಗೆ ತಟ್ಟಿ, ಅಂಕಿ ಜಿಗಿದರೆ ಗುಳ್ಳೆ ಇತ್ತು ಎಂದರ್ಥ. ಅಳೆಯುವ ಮೊದಲು ಅದೇ ನೀರಿನಿಂದ ಪ್ರೋಬನ್ನು, ಅಂದರೆ ನೀರಿಗೆ ಅದ್ದುವ ಆ ತುದಿಯನ್ನು, ಎರಡು ಸಲ ತೊಳೆಯಿರಿ. ಕೆಲಸ ಮುಗಿದ ಮೇಲೆ ಇದನ್ನು ಒಣಗಿಸಿಯೇ ಇಡಬಹುದು, ಪಿಎಚ್‌ನ ಹಾಗೆ ಒದ್ದೆ ಬೇಕಿಲ್ಲ.

ಕುಡಿಯುವ ನೀರಿನ ವಿಷಯ ಬಂದಿರುವುದರಿಂದ ಇದನ್ನು ಹೇಳದೆ ಇರಲಾರೆ. ಟಿಡಿಎಸ್ ಕಡಿಮೆ ಇದ್ದರೆ ನೀರು ಸುರಕ್ಷಿತ ಎಂದು ದಯವಿಟ್ಟು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಫ್ಲೋರೈಡ್‌ನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆರ್ಸೆನಿಕ್‌ನದು ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ನೂರರಲ್ಲಿ ಒಂದು ಭಾಗ. 350 ತೋರಿಸುವ ಮೀಟರ್‌ನಲ್ಲಿ ಅಷ್ಟು ಆರ್ಸೆನಿಕ್ ಸೇರಿದರೂ ಅಂಕಿ ಕದಲುವುದಿಲ್ಲ. ಬ್ಯಾಕ್ಟೀರಿಯಾವಂತೂ ಈ ಮೀಟರ್‌ಗೆ ಕಾಣುವುದೇ ಇಲ್ಲ. ಚರಂಡಿ ನೀರು ಸೇರಿದ ಬಾವಿಯೂ 350 ತೋರಿಸಬಹುದು. ಕುಡಿಯುವ ಬಾವಿಯನ್ನು ಪ್ರಯೋಗಾಲಯದಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ನಿಮ್ಮ ಮೀಟರ್‌ನ ಕೆಲಸ ಆಮೇಲೆ ಶುರು. ವಾರ ವಾರ ಒಂದೇ ರೀತಿ ಇದ್ದ ಇಸಿ ಒಂದು ದಿನ ದಿಢೀರನೆ ಏರಿದರೆ ಅಥವಾ ಇಳಿದರೆ, ಬಾವಿಗೆ ಬೇರೆ ನೀರು ಸೇರುತ್ತಿದೆ ಎಂಬ ಸುಳಿವು. ಆ ಸುಳಿವಿಗೆ ಬೆಲೆ ಬರುವುದು ಮೀಟರ್ ಅದೇ ಹಳೆಯ ಅಳತೆಯಲ್ಲಿ ನಿಂತಿದ್ದರೆ ಮಾತ್ರ.

ಆಮ್ಲಜನಕದ ಮೀಟರ್ ಕೊಳ್ಳುವಿರಾದರೆ ನಿಮ್ಮ ಮೀನುಗಳಿಗೆ ಅದು ಪಿಎಚ್ ಮೀಟರ್‌ಗಿಂತ ಮುಖ್ಯ. ಎರಡು ಬಗೆ ಇವೆ. ಪೊರೆಯ ಬಗೆಯದು ಅಗ್ಗ, ಆದರೆ ಅಳೆಯುವಾಗ ತಾನೇ ಆಮ್ಲಜನಕವನ್ನು ತಿನ್ನುತ್ತದೆ. ನಿಂತ ನೀರಿನಲ್ಲಿ ಸುಮ್ಮನೆ ಹಿಡಿದರೆ ಅಂಕಿ ಇಳಿಯುತ್ತಲೇ ಹೋಗುತ್ತದೆ. ಪ್ರೋಬನ್ನು ನಿಧಾನಕ್ಕೆ ಆಡಿಸುತ್ತಿರಬೇಕು. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಗೆಯದಕ್ಕೆ ಆ ತಾಪತ್ರಯ ಇಲ್ಲ, ಬೆಲೆ ಜಾಸ್ತಿ. ಎರಡನ್ನೂ ಕ್ಯಾಲಿಬ್ರೇಟ್ ಮಾಡುವುದು ಗಾಳಿಯಲ್ಲಿ: ಒದ್ದೆ ಸ್ಪಂಜ್ ಇರುವ ಮುಚ್ಚಳದೊಳಗೆ ಹತ್ತು ನಿಮಿಷ ಇಟ್ಟು 100 ಶೇಕಡಕ್ಕೆ ಹೊಂದಿಸುವುದು. ಪೊರೆಯ ಮೇಲೆ ನೀರಿನ ಹನಿ ಇರಬಾರದು, ಪೊರೆಯ ಕೆಳಗೆ ಗಾಳಿ ಗುಳ್ಳೆ ಇರಬಾರದು. ಪರೀಕ್ಷೆಗೆ, ಬಕೆಟ್ ನೀರಿಗೆ ಗಾಳಿ ಪಂಪ್ ಬಿಟ್ಟು ಅರ್ಧ ಗಂಟೆಯ ನಂತರ ಅಳೆಯಿರಿ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯಲ್ಲಿ ಲೀಟರಿಗೆ 8.26 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.56ರ ಹತ್ತಿರ ಬರಬೇಕು. ಎತ್ತರದ ಊರಾದರೆ ಕಡಿಮೆ. 1000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡ 11 ಕಡಿಮೆ, ಅಲ್ಲಿ 8.26ರ ಬದಲು 7.3 ಬಂದರೆ ಅದೇ ಸರಿ. ಒತ್ತಡ ಅಥವಾ ಎತ್ತರವನ್ನು ಮೀಟರ್‌ಗೆ ತಿಳಿಸಿಕೊಡಿ.

ಕೊಳದಲ್ಲಿ ಯಾವ ಹೊತ್ತಿಗೆ ಅಳೆದಿರಿ ಎಂದೂ ಬರೆಯಿರಿ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಆಮ್ಲಜನಕ, ಪಿಎಚ್ ಎರಡೂ ಏರಿರುತ್ತವೆ. ರಾತ್ರಿಯಿಡೀ ಎರಡೂ ಇಳಿದು, ಬೆಳಕು ಹರಿಯುವ ಮುಂಚೆ ತೀರಾ ಕೆಳಗೆ ಇರುತ್ತವೆ. ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಿಗೆ. ಮಧ್ಯಾಹ್ನದ ಒಳ್ಳೆಯ ಅಂಕಿ ನೋಡಿ ಸಮಾಧಾನ ಪಡಬೇಡಿ. ವಾರಕ್ಕೊಂದು ದಿನ ಸೂರ್ಯ ಹುಟ್ಟುವ ಮೊದಲು ಎದ್ದು ಅಳೆಯಿರಿ.

ಕ್ಲೋರಿನ್ ಮೀಟರ್‌ನ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬಾವಿಯೊಂದಕ್ಕೆ ಬ್ಲೀಚಿಂಗ್ ಪುಡಿ ಹಾಕಿದ್ದರು. ಮೀಟರ್ 0.0 ತೋರಿಸುತ್ತಿದೆ, ಇನ್ನೂ ಹಾಕಬೇಕಾ ಎಂದು ಕೇಳಲು ನನ್ನನ್ನು ಕರೆದರು. ಹತ್ತಿರ ಹೋದರೆ ಮೂಗಿಗೆ ಗಾಟು. ನಾನೇ ಸಣ್ಣ ಗಾಜಿನ ಸೀಸೆಗೆ ನೀರು ತುಂಬಿ, ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಪುಡಿ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗುಲಾಬಿ ಬಣ್ಣ ಬಂತು, ಮರುಕ್ಷಣ ಮಾಯವಾಯಿತು. ನೀರು ತಿಳಿಯಾಯಿತು. ಕ್ಲೋರಿನ್ ಎಷ್ಟು ಜಾಸ್ತಿ ಇತ್ತೆಂದರೆ ಅದು ಬಣ್ಣವನ್ನೇ ಸುಟ್ಟುಹಾಕಿತ್ತು. ಒಂದು ಪಾಲು ಬಾವಿ ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ನೀರು ಸೇರಿಸಿ ಮತ್ತೆ ಪುಡಿ ಹಾಕಿದಾಗ ಗಾಢ ಗುಲಾಬಿ ಬಂತು, ನಿಂತಿತು. ಆ ಸೊನ್ನೆಯನ್ನು ನಂಬಿ ಇನ್ನೊಂದು ಡೋಸ್ ಹಾಕಿದ್ದರೆ? ವಾಸನೆ ಇದ್ದೂ ಮೀಟರ್ ಸೊನ್ನೆ ಅಂದರೆ ನೀರನ್ನು ತೆಳುಮಾಡಿ ಮತ್ತೆ ಅಳೆಯಿರಿ. ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಈ ಗುಲಾಬಿ ಬಣ್ಣವನ್ನು ಅಳೆದು ಅಂಕಿ ತೋರಿಸುವ ಬಗೆಯ ಮೀಟರ್‌ನಲ್ಲಿ ಪುಡಿ ಹಾಕದ ಅದೇ ನೀರಿನಿಂದ ಮೊದಲು ಸೊನ್ನೆ ಮಾಡಬೇಕು. ಸೀಸೆಯ ಹೊರಮೈಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಗುರುತು ಯಾವಾಗಲೂ ಒಂದೇ ಕಡೆ ಬರುವಂತೆ ಇಡಬೇಕು. ಫ್ರೀ ಕ್ಲೋರಿನ್ (ನೀರಿನಲ್ಲಿ ಬೇರೆ ಯಾವುದರ ಜೊತೆಗೂ ಸೇರದೆ ಉಳಿದ ಕ್ಲೋರಿನ್) ಆದರೆ ಪುಡಿ ಬೆರೆತ ಒಂದು ನಿಮಿಷದೊಳಗೆ ಓದಬೇಕು. ತಡವಾದರೆ ಬೇರೆ ರೂಪದ ಕ್ಲೋರಿನ್ ಕೂಡ ಬಣ್ಣ ಕೊಡಲು ಶುರುಮಾಡುತ್ತದೆ. ಕುಡಿಯುವ ನೀರಿನಲ್ಲಿ ಅರ್ಧ ಗಂಟೆಯ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಫ್ರೀ ಕ್ಲೋರಿನ್ ಉಳಿದಿರಬೇಕು, ಪಿಎಚ್ 8ಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲೂ ನಿಮ್ಮ 8.2ರ ಪ್ರಶ್ನೆ ಬಂತು ನೋಡಿ. ಮತ್ತೆ, ಕ್ಲೋರಿನ್ ಇರುವ ನೀರನ್ನು ನೇರವಾಗಿ ಕೊಳಕ್ಕೆ ಬಿಡಬೇಡಿ, ಮೀನಿಗೆ ಅದು ವಿಷ.

ಎಷ್ಟು ದಿನಕ್ಕೊಮ್ಮೆ ಅಂದಿರಿ. ಪಿಎಚ್ ಮೀಟರನ್ನು ನೀವು ವಾರಕ್ಕೊಮ್ಮೆ ಬಳಸುವುದರಿಂದ ಪ್ರತಿ ಸಲ ಬಳಸುವ ಮೊದಲು 7ರಲ್ಲಿ ಅದ್ದಿ ನೋಡಿ. 0.1ರೊಳಗೆ ಇದ್ದರೆ ಬರೆದುಕೊಂಡು ಮುಂದುವರಿಯಿರಿ, ತಿದ್ದಬೇಡಿ. ಅದಕ್ಕಿಂತ ಜಾಸ್ತಿ ಜರುಗಿದ್ದರೆ ಮಾತ್ರ ಎರಡು ಬಫರ್‌ನ ಪೂರ್ತಿ ಕೆಲಸ. ಹೇಗೂ ತಿಂಗಳಿಗೊಮ್ಮೆ ಅದನ್ನು ಮಾಡಿ. ಟಿಡಿಎಸ್ ಮೀಟರ್‌ಗೆ ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಆಮ್ಲಜನಕದ್ದನ್ನು ಬಳಸುವ ದಿನವೆಲ್ಲ ಗಾಳಿಯಲ್ಲಿ ಹೊಂದಿಸಿ, ಎರಡೇ ನಿಮಿಷದ ಕೈಕೆಲಸ.

ಈಗ ನಿಮ್ಮ ಹಳೆಯ ಪುಸ್ತಕ. ತಾಜಾ 7.00ರ ಬಫರ್ ತನ್ನಿ. ಸ್ಕ್ರೂ ಮುಟ್ಟದೆ ಅದ್ದಿ. 7.9ರ ಹತ್ತಿರ ಬಂದರೆ ನೀವು ಎತ್ತಿದ ಆ 0.9 ಎರಡು ತಿಂಗಳೂ ಹಾಗೇ ನಿಂತಿತ್ತು ಎಂದರ್ಥ. ಎಲ್ಲ ಹಳೆಯ ಅಂಕಿಗಳಿಂದ 0.9 ಕಳೆದು, ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ, ಮೂಲ ಅಂಕಿಯನ್ನು ಹೊಡೆದುಹಾಕಬೇಡಿ. 7.6 ಅಥವಾ 8.2 ಹೀಗೆ ಬೇರೇನಾದರೂ ಬಂದರೆ ನಡುವೆ ಮೀಟರ್ ತಾನೇ ಜರುಗಿದೆ, ಆಗ ತೀರಾ ಇತ್ತೀಚಿನ ಒಂದೆರಡು ವಾರದ ಅಂಕಿಗಳನ್ನು ಮಾತ್ರ ಆ ಲೆಕ್ಕದಲ್ಲಿ ತಿದ್ದಿ, ಉಳಿದವಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ. 10ರಲ್ಲೂ ಏನು ಬಂತು ಬರೆದುಕೊಳ್ಳಿ. ಆ ಎರಡು ಅಂಕಿ, ಆ ದಿನದ ತಾಪಮಾನ ನನಗೆ ಕಳಿಸಿ. ಎಲೆಕ್ಟ್ರೋಡ್ ಇನ್ನೂ ಎಷ್ಟು ಗಟ್ಟಿಯಾಗಿದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ. ಆಮೇಲೆ ಸ್ಕ್ರೂ ತಿರುಗಿಸಿ.